ಪಾಳಿಯ ಮುಯ್ಯಿ

ಸಂಜೆ ಬರುವಾಗ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತನ್ನಿ ಎಂದು ಹೆಂಡತಿ ಫೋನ್ ಮಾಡಿದರೆ ನಾನು ಸುಮ್ಮನೆ ಹ್ಞೂಂ ಅನ್ನುವ ಜಾತಿಯವನಲ್ಲ. ದೊಡ್ಡ ಕಟ್ಟೋ ಚಿಕ್ಕದೋ, ಸಾರಿಗೋ ಚಟ್ನಿಗೋ, ಕೊತ್ತಂಬರಿ ಸಿಗದಿದ್ದರೆ ಪುದೀನ ನಡೆಯುತ್ತದೋ ಇಲ್ಲವೋ, ಎಲ್ಲ ಕೇಳುತ್ತೇನೆ. ಅವಳು ಒಂದಿಷ್ಟು ಹೊತ್ತು ತಾಳ್ಮೆಯಿಂದ ಉತ್ತರ ಕೊಟ್ಟು, ಆಮೇಲೆ ನೀವು ಅಲ್ಲೇ ಇದ್ದುಬಿಡಿ ಎಂದು ಫೋನ್ ಇಡುತ್ತಾಳೆ. ಇಷ್ಟೆಲ್ಲ ವಿಚಾರಣೆ ಮಾಡಿಯೂ ಎಷ್ಟೋ ದಿನ ನಾನು ಬರಿಗೈಯಲ್ಲಿ ಮನೆ ಸೇರಿದ್ದುಂಟು.

ಇದು ಉದ್ಯೋಗದಿಂದ ಅಂಟಿಕೊಂಡ ಚಾಳಿ. ದಿನಾ ಬೆಳಿಗ್ಗೆ ನಂಜನಗೂಡಿನಿಂದ ರೈಲಿನಲ್ಲಿ ಮೈಸೂರಿಗೆ ಹೋಗಿ, ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಕೂತು, ಗಿರಾಕಿಗೆ ಏನೇನು ಬೇಕು ಅನ್ನುವುದನ್ನು ಬರೆದಿಡುವುದು ನನ್ನ ಕೆಲಸ. ಪ್ರೋಗ್ರಾಮ್ ಬರೆಯುವವರು ಬೇರೆ, ಅದನ್ನು ಪರೀಕ್ಷೆ ಮಾಡುವವರು ಬೇರೆ. ನಾನು ಬರೀ ಕೇಳುವವನು, ಬರೆಯುವವನು. ನಮ್ಮಲ್ಲಿ ಇದಕ್ಕೆ ರಿಕ್ವೈರ್‌ಮೆಂಟ್ ಅನ್ನುತ್ತಾರೆ. ಒಂದೊಂದಕ್ಕೂ ಒಂದು ನಂಬರು. ಅವನ್ನೆಲ್ಲ ಇಟ್ಟುಕೊಳ್ಳಲೆಂದೇ ಕಂಪ್ಯೂಟರಿನಲ್ಲಿ ಒಂದು ಟೂಲ್ ಇದೆ. ಯಾರು ಕೇಳಿದರು, ಯಾಕೆ ಕೇಳಿದರು, ಯಾರು ಒಪ್ಪಿದರು ಎಂದು ಅದರಲ್ಲಿ ತುಂಬಬೇಕು. ಕೇಳಿದ್ದು ನಿಜವಾಗಿ ನಡೆದದ್ದನ್ನು ಕಣ್ಣಾರೆ ಕಂಡ ಮೇಲೆ 'ಪರಿಶೀಲಿಸಲಾಗಿದೆ' ಎಂದು ಒತ್ತಿದರೆ ಆ ಸಾಲು ಹಸಿರಾಗುತ್ತದೆ. ಅಲ್ಲಿಗೆ ಅದರ ಋಣ ಮುಗಿಯಿತು.

ಈ ಭಾಷೆ ನನಗೆ ಹೊಸದೇನಲ್ಲ. ಅಪ್ಪ ತಿ. ನರಸೀಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಅವರು ಬರೆಯುತ್ತಿದ್ದ ಪ್ರತಿಯೊಂದು ವಾಕ್ಯವೂ 'ತಕ್ಕದ್ದು' ಎಂದೇ ಮುಗಿಯುತ್ತಿತ್ತು. ಖಾತೆದಾರರು ಖುದ್ದು ಹಾಜರಾಗತಕ್ಕದ್ದು, ಪಹಣಿ ಲಗತ್ತಿಸತಕ್ಕದ್ದು. ಅದನ್ನು ನೋಡಿ ಕಲಿತ ನಾನು ಒಂದು ದಸರಾ ರಜೆಯಲ್ಲಿ 'ನನಗೆ ಹೊಸ ಚಡ್ಡಿ ಕೊಡಿಸತಕ್ಕದ್ದು' ಎಂದು ಹಾಳೆಯಲ್ಲಿ ಬರೆದು ಅಪ್ಪನ ಮೇಜಿನ ಮೇಲಿಟ್ಟಿದ್ದೆ. ಅಪ್ಪ ಅದರ ಕೆಳಗೆ ಕೆಂಪು ಶಾಯಿಯಲ್ಲಿ 'ಸೂಕ್ತ ಕಾರಣ ತಿಳಿಸತಕ್ಕದ್ದು' ಎಂದು ಷರಾ ಬರೆದು ವಾಪಸು ಮಾಡಿದರು. ಚಡ್ಡಿ ಬರಲಿಲ್ಲ. ಈಗಲೂ ನಮ್ಮ ಟೂಲಿನಲ್ಲಿ ಕಾರಣದ ಜಾಗ ಖಾಲಿ ಬಿಟ್ಟರೆ ಅದು ಮುಂದಕ್ಕೆ ಹೋಗಲು ಬಿಡುವುದಿಲ್ಲ.

ಕಂಪನಿಗಳಿಗೂ ಬುದ್ಧಿ ಬಲಿಯುವ ಮೆಟ್ಟಿಲುಗಳಿವೆ ಎಂದರೆ ನೀವು ನಗಬಹುದು. ಐದು ಮೆಟ್ಟಿಲು. ಮೊದಲನೆಯದರಲ್ಲಿ ಎಲ್ಲವೂ ದೇವರ ಮೇಲೆ ಭಾರ, ಯಾರೋ ಒಬ್ಬ ಗಟ್ಟಿಗ ಇದ್ದರೆ ಕೆಲಸ ಆಯಿತು, ಇಲ್ಲದಿದ್ದರೆ ಇಲ್ಲ. ಎರಡನೆಯದರಲ್ಲಿ ಕೈಲಿರುವ ಕೆಲಸವನ್ನಾದರೂ ಅಚ್ಚುಕಟ್ಟಾಗಿ ಮಾಡುತ್ತಾರೆ. ಮೂರನೆಯದರಲ್ಲಿ ಇಡೀ ಕಂಪನಿಗೆ ಒಂದೇ ಪದ್ಧತಿ, ಯಾರು ಬಂದರೂ ಯಾರು ಹೋದರೂ ಕೆಲಸ ನಿಲ್ಲುವುದಿಲ್ಲ. ಅದರಾಚೆಗಿನ ಎರಡು ನಮ್ಮಂಥವರಿಗೆ ದೂರದ ಬೆಟ್ಟ. ಹೋದ ವರ್ಷ ನಮ್ಮ ಕಂಪನಿ ಮೂರನೇ ಮೆಟ್ಟಿಲು ಹತ್ತಲು ಹೊರಟಿತ್ತು. ಹೊರಗಿನಿಂದ ಪರೀಕ್ಷಕರು ಬರುವವರಿದ್ದರು. ಅವರು ನೋಡುವುದು ಇಷ್ಟೇ: ಹೇಳಿದಂತೆ ಮಾಡಿದ್ದೀರಾ, ಮಾಡಿದ್ದಕ್ಕೆ ಸಾಕ್ಷಿ ಇದೆಯಾ? ಹಾಗಾಗಿ ಒಮ್ಮೆ ಒಪ್ಪಿದ ರಿಕ್ವೈರ್‌ಮೆಂಟನ್ನು ಯಾರೂ ಮುಟ್ಟಕೂಡದು, ಮುಟ್ಟಲೇಬೇಕಾದರೆ ಬದಲಾವಣೆಯ ಸಮಿತಿ ಒಪ್ಪಬೇಕು ಎಂದು ನಮ್ಮ ಮ್ಯಾನೇಜರ್ ಅನುಪಮಾ ಕಟ್ಟಪ್ಪಣೆ ಮಾಡಿದ್ದರು.

ಆ ಹೊತ್ತಿಗೆ ನನ್ನ ಕೈಲಿದ್ದ ಕೆಲಸ ನಂಜನಗೂಡಿನದೇ. ಒಂದು ಟ್ರಸ್ಟು ನಡೆಸುವ ಡಯಾಲಿಸಿಸ್ ಕೇಂದ್ರ. ಕಿಡ್ನಿ ಕೈಕೊಟ್ಟವರು ವಾರದಲ್ಲಿ ಗೊತ್ತಾದ ದಿನ ಬಂದು, ಮಿಷನ್ನಿನ ಪಕ್ಕದ ಕುರ್ಚಿಯಲ್ಲಿ ನಾಲ್ಕು ಗಂಟೆ ಕೂತು, ರಕ್ತ ಶುದ್ಧಿ ಮಾಡಿಸಿಕೊಂಡು ಹೋಗುತ್ತಾರೆ. ಬೆಳಗಿನದೊಂದು ಪಾಳಿ, ಮಧ್ಯಾಹ್ನದ್ದೊಂದು ಪಾಳಿ. ಯಾರಿಗೆ ಯಾವ ಪಾಳಿ ಎಂದು ತೋರಿಸುವ ಸಾಫ್ಟ್‌ವೇರ್ ಬೇಕಾಗಿತ್ತು. ಟ್ರಸ್ಟಿನ ಕಾರ್ಯದರ್ಶಿಗಳು ಹೇಳಿದರು, ನಾನು ಬರೆದುಕೊಂಡೆ, ಅವರು ರುಜು ಹಾಕಿದರು. ರೋಗಿಗೆ ಗೊತ್ತುಮಾಡಿದ ಪಾಳಿಯಲ್ಲಿ ಆ ರೋಗಿಯ ಹೆಸರಿಗೆ ಮಾತ್ರ ಮಿಷನ್ನು ತೆರೆದುಕೊಳ್ಳತಕ್ಕದ್ದು. ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು.

ಅದೇ ಕೇಂದ್ರಕ್ಕೆ ನನ್ನ ಸೋದರಮಾವ ನಂಜುಂಡಪ್ಪನವರೂ ಬರುತ್ತಿದ್ದರು. ಸೋಸಲೆ ಹತ್ತಿರದ ಹಳ್ಳಿ ಅವರದು. ಕಾವೇರಿ ನಾಲೆಯ ನೀರು ಕುಡಿಯುವ ಗದ್ದೆ, ಕೊಟ್ಟಿಗೆಯಲ್ಲಿ ಎರಡು ಹಸು, ಕೊರಳಲ್ಲಿ ಲಿಂಗ, ಬಾಯಲ್ಲಿ ಮಾತು ಕಡಿಮೆ. ಬೆಳಗಿನ ಮೊದಲ ಬಸ್ಸಿಗೆ ನರಸೀಪುರಕ್ಕೆ ಬಂದು, ಅಲ್ಲಿಂದ ನಂಜನಗೂಡಿನ ಬಸ್ಸು ಹಿಡಿದು, ಡಯಾಲಿಸಿಸ್ ಮುಗಿಸಿ ಮಧ್ಯಾಹ್ನ ನಮ್ಮ ಮನೆಗೆ ಬಂದು ಸೋತು ಮಲಗುತ್ತಿದ್ದರು. ಹೀಗಿರುವಾಗ ಪ್ರಾಯೋಗಿಕವಾಗಿ ಓಡಿಸಿದ ನಮ್ಮ ಸಾಫ್ಟ್‌ವೇರ್ ಅವರ ಹೆಸರನ್ನು ಮಧ್ಯಾಹ್ನದ ಪಾಳಿಯಲ್ಲಿ ತೋರಿಸಿತು. ಎಲ್ಲೋ ತಪ್ಪಾಗಿದೆ ಎಂದುಕೊಂಡು ಊಟದ ಹೊತ್ತಿಗೆ ಮಾವನನ್ನೇ ಕೇಳಿದೆ.

"ತಪ್ಪೇನಿಲ್ಲ ಕಣಪ್ಪ. ಪಾಳಿ ನಂದು ಮಧ್ಯಾನ್ದೇ. ತಾಯಮ್ಮಂಗೆ ಬುಟ್‌ಕೊಟ್ಟಿವ್ನಿ. ಮುಯ್ಯಿ" ಅಂದರು.

ತಾಯಮ್ಮ ಎಂದರೆ ದೇವನೂರಿನ ಚಿಕ್ಕತಾಯಮ್ಮ. ಊರಿನ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸುವಾಕೆ. ಆಕೆಗೆ ಸಿಕ್ಕಿದ್ದು ಬೆಳಗಿನ ಪಾಳಿ. ಬೆಳಿಗ್ಗೆ ಬಂದು ಕುರ್ಚಿಯಲ್ಲಿ ಕೂತರೆ ಶಾಲೆಯ ಒಲೆ ಹಚ್ಚುವವರು ಯಾರು? ಮಧ್ಯಾಹ್ನದ ಪಾಳಿಗೆ ಬದಲಾಯಿಸಿಕೊಳ್ಳಲು ಕಾಯುವವರ ಸಾಲು ಉದ್ದವಿತ್ತು. ಆಕೆ ಒಂದು ದಿನ ಸಿಸ್ಟರ ಮುಂದೆ ನಿಂತು, ಕೆಲಸ ಬಿಟ್ಟರೆ ಬಸ್ ಚಾರ್ಜಿಗೂ ಮಗನ ಮುಂದೆ ಕೈಚಾಚಬೇಕು ಎಂದು ಕಣ್ಣೀರು ಹಾಕಿದ್ದನ್ನು ಮಾವ ಕೇಳಿಸಿಕೊಂಡಿದ್ದರು. ನನ್ನ ಪಾಳಿಯಲ್ಲಿ ನೀನು ಕೂತ್ಕೋ, ನಿನ್ನ ಪಾಳಿಯಲ್ಲಿ ನಾನು ಕೂರ್ತೀನಿ ಎಂದು ಅಲ್ಲೇ ಹೇಳಿಬಿಟ್ಟರಂತೆ. ಸಿಸ್ಟರು ಇಬ್ಬರ ಮಿಷನ್ನೂ ಒಂದೇ ತರದ್ದೆಂದು ನೋಡಿಕೊಂಡು ಸುಮ್ಮನಾದರು. ನಾಟಿಗೋ ನೀರು ಹಾಯಿಸುವುದಕ್ಕೋ ಮಾವನಿಗೆ ಬೆಳಿಗ್ಗೆ ಪುರುಸೊತ್ತು ಬೇಕಾದಾಗ ಆಕೆ ಶಾಲೆಗೆ ರಜೆ ಹೇಳಿ ಬೆಳಿಗ್ಗೆ ಬಂದು ಕೂತು ತೀರಿಸಬೇಕು. ಮಾವ ಅದನ್ನು ಕೇಳಿದ್ದು ಅಪರೂಪ.

ನಮ್ಮ ಕಡೆಯ ಮುಯ್ಯಿ ನಿಮಗೆ ಗೊತ್ತಿದ್ದೀತು. ನಾಟಿ ಕಾಲಕ್ಕೆ ಇವತ್ತು ನಮ್ಮ ಮನೆಯವರು ನಿಮ್ಮ ಗದ್ದೆಗೆ, ನಾಳೆ ನಿಮ್ಮ ಮನೆಯವರು ನಮ್ಮ ಗದ್ದೆಗೆ. ದುಡ್ಡಿನ ಮಾತಿಲ್ಲ. ಶಾಲೆಯಲ್ಲಿ ಕೊಡುತ್ತಿದ್ದ ಬೇಸಾಯದ ರಜೆಗೆ ಮಾವನ ಮನೆಗೆ ಹೋದಾಗಲೆಲ್ಲ ನಾನು ಅದನ್ನು ನೋಡಿದ್ದೇನೆ. ಅತ್ತೆಯ ಜೊತೆ ಕೆಸರಿಗಿಳಿದು, ಪೈರಿನ ಕಟ್ಟು ಎಸೆಯಲು ಹೋಗಿ, ಪೈರಿಗಿಂತ ಮೊದಲು ನಾನೇ ನೆಟ್ಟಗೆ ಕೆಸರಲ್ಲಿ ಕೂತದ್ದೂ ಉಂಟು. ಮುಯ್ಯಿಗೆ ಬಂದವರು ಮನೆಯೊಳಗೆ ನಡುಮನೆಯಲ್ಲಿ ಕೂತು ಉಣ್ಣುತ್ತಿದ್ದರು. ಆದರೆ ಈ ಮುಯ್ಯಿ ಇದ್ದದ್ದು ಅವರವರ ಕೇರಿಯೊಳಗೆ. ತಾಯಮ್ಮನಂಥವರ ಕೇರಿಯಿಂದ ಬರುತ್ತಿದ್ದವರು ಕೂಲಿಗೆ ಬರುತ್ತಿದ್ದರು, ಬದುವಿನ ಮೇಲೆ ಉಂಡು, ಸಂಜೆ ಕೂಲಿ ಇಸಕೊಂಡು ಹೋಗುತ್ತಿದ್ದರು. ಅವರಿಗೂ ನಮಗೂ ಮುಯ್ಯಿ ಇರಲಿಲ್ಲ. ಯಾಕೆ ಎಂದು ನಾನು ಕೇಳಿರಲಿಲ್ಲ, ಯಾರೂ ಕೇಳುತ್ತಿರಲಿಲ್ಲ. ಮಾವ ಆ ಮಾತನ್ನು ತಾಯಮ್ಮನ ವಿಷಯಕ್ಕೆ ಅಷ್ಟು ಸಲೀಸಾಗಿ ಆಡಿದ್ದು ಕೇಳಿ ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಆಕೆ ಮೊದಮೊದಲು ಮಾವನನ್ನು, ಒಡೆಯರನ್ನು ಕರೆಯುವ ಹಾಗೆ, ಬುದ್ಧೀ ಎಂದು ಕರೆಯುತ್ತಿದ್ದಳಂತೆ. ಇಬ್ಬರ ಮೈಯ ರಕ್ತವನ್ನೂ ಒಂದೇ ಮಿಷನ್ನು ತೊಳೀತದೆ, ಇನ್ನೇನು ಬುದ್ಧಿ ಎಂದು ಮಾವ ಗದರಿದ ಮೇಲೆ ಅಣ್ಣ ಎಂದಾಯಿತು.

ಈಗ ನಮ್ಮ ಸಾಫ್ಟ್‌ವೇರ್ ಕಾಯಂ ಆದ ದಿನದಿಂದ ಅವರವರ ಹೆಸರಿಗೆ ಅವರವರ ಪಾಳಿ ಎಂದಾಗುತ್ತಿತ್ತು. ತಾಯಮ್ಮ ಬೆಳಿಗ್ಗೆಯೇ ಬರಬೇಕು. ಬೆಳಿಗ್ಗೆ ಬರಲಾಗದಿದ್ದರೆ ಬೇರೆ ಅಡುಗೆಯವರನ್ನು ನೋಡಬೇಕಾಗುತ್ತದೆ ಎಂದು ಶಾಲೆಯ ಮೇಷ್ಟ್ರು ಸಂಕಟಪಟ್ಟುಕೊಂಡೇ ಆಕೆಗೆ ತಿಳಿಸಿದ್ದರು. ಬರುವ ತಿಂಗಳಿಂದ ಎಲ್ಲ ಕಾಯಂ. ಅಷ್ಟರೊಳಗೆ, ಪಾಳಿ ಬದಲಾಯಿಸಿಕೊಳ್ಳಬಹುದು ಎಂಬ ಒಂದು ಸಾಲು ಟೂಲಿನೊಳಗೆ ಸೇರಬೇಕು. ಇಲ್ಲದಿದ್ದರೆ ಆಕೆಯ ಕೆಲಸ ಹೋಗುತ್ತದೆ.

ಕಾರ್ಯದರ್ಶಿಗಳ ಹತ್ತಿರ ಹೋದೆ. ನಿವೃತ್ತರು, ಸಜ್ಜನರು. ಅವರು ಒಪ್ಪಲಿಲ್ಲ. ಬದಲಾಯಿಸಲು ಬಿಟ್ಟರೆ ಬಲವಿದ್ದವನು ಬಡವನನ್ನು ಹೆದರಿಸಿ ಪಾಳಿ ಕಿತ್ತುಕೊಳ್ಳುತ್ತಾನೆ, ನಾಳೆ ಪಾಳಿ ಮಾರಾಟಕ್ಕೂ ಬರುತ್ತದೆ ಎಂದರು. ಅದೂ ಸುಳ್ಳಲ್ಲ. ಅನುಪಮಾ ಹತ್ತಿರ ಹೋದೆ. ಗಿರಾಕಿಯೇ ಬೇಡ ಅನ್ನುವುದನ್ನು ನಾವು ಹೇಗೆ ಸೇರಿಸುವುದು, ಅದೂ ಪರೀಕ್ಷಕರು ಬರುವ ಹೊತ್ತಿನಲ್ಲಿ ಎಂದರು. ಸಾಲದ್ದಕ್ಕೆ ಕೇಳುತ್ತಿರುವವರು ನಿಮ್ಮ ಮಾವ ಬೇರೆ, ನಿಮ್ಮ ಮಾತನ್ನು ಸಮಿತಿ ಹೇಗೆ ತೆಗೆದುಕೊಳ್ಳುತ್ತದೆ ಹೇಳಿ ಎಂದರು. ನನಗೆ ಮುಖಕ್ಕೆ ಹೊಡೆದಂತಾಯಿತು. ರೈಲಿನಲ್ಲಿ ಬರುವಾಗ ಇಡೀ ದಾರಿ ಸಿಟ್ಟು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು ಬಹಳ ಕೆಟ್ಟದ್ದು ಕಣ್ರೀ.

ಎರಡು ದಿನ ಕಳೆದು ಅನುಪಮಾ ತಾವಾಗಿಯೇ ನಂಜನಗೂಡಿಗೆ ಬಂದರು. ಯಾರು ಕೇಳುತ್ತಿದ್ದಾರೋ ಅವರ ಬಾಯಿಂದಲೇ ಕೇಳಬೇಕು, ಪದ್ಧತಿ ಹೇಳುವುದೂ ಅದನ್ನೇ ಎಂದರು. ಕಾರ್ಯದರ್ಶಿಗಳನ್ನೂ ಕರೆಸಿದರು. ಪಾಳಿ ಬದಲಾಗುವ ಹೊತ್ತು. ಮಾವ ಆಗಷ್ಟೇ ಕುರ್ಚಿಯಿಂದ ಇಳಿದು ತೋಳಿಗೆ ಹತ್ತಿ ಒತ್ತಿಕೊಂಡು ಕೂತಿದ್ದರು. ತಾಯಮ್ಮ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದಳು. ಅವಳ ಸೀರೆಯಿಂದ ಬೇಳೆಸಾರಿನ ಒಗ್ಗರಣೆ ವಾಸನೆ ಬರುತ್ತಿತ್ತು.

ಅನುಪಮಾ ಒಂದೊಂದಾಗಿ ಕೇಳಿದರು. ಇಬ್ಬರೂ ಸಿಸ್ಟರ ಮುಂದೆ ನಿಂತು ಒಪ್ಪಬೇಕು ಎಂದರೆ ಆಗುತ್ತದಾ? ಆಗುತ್ತದೆ. ಮಿಷನ್ನು ಒಂದೇ ತರದ್ದಾ, ಇಬ್ಬರ ಮೈಗೂ ಹೊಂದುತ್ತದಾ ಎಂದು ಸಿಸ್ಟರು ನೋಡಿಯೇ ಬಿಡಬೇಕು ಎಂದರೆ? ಅದೂ ಸರಿ. ಯಾರಾದರೂ ಬೇಡವೆಂದರೆ ಮಾರನೇ ದಿನವೇ ಮುರಿಯಬಹುದು ಎಂದರೆ? ಸರಿ. ಕಾರ್ಯದರ್ಶಿಗಳ ಮುಖ ಸ್ವಲ್ಪ ಸಡಿಲವಾಯಿತು. ಕೇಳಬೇಕಾದ ಇನ್ನೊಂದು ಪ್ರಶ್ನೆ ಉಳಿದಿತ್ತು. ಅದನ್ನು ಕೇಳದೆ ಸಾಲು ಪೂರ್ತಿಯಾಗುವುದಿಲ್ಲ ಎಂದು ನನಗೂ ಗೊತ್ತಿತ್ತು. ಅನುಪಮಾ ನನ್ನ ಕಡೆ ನೋಡಿದರು, ನಾನು ಕಿಟಕಿಯ ಕಡೆ ನೋಡಿದೆ.

"ಇಬ್ಬರಲ್ಲಿ ಒಬ್ಬರು ಇಲ್ಲದೇ ಹೋದರೆ ಏನು ಮಾಡಬೇಕು?" ಎಂದು ಅನುಪಮಾ ಮೆಲ್ಲಗೆ ಕೇಳಿದರು.

ತಾಯಮ್ಮ ನೆಲ ನೋಡುತ್ತ ನಿಂತಳು. ನಿಯಮದ ಪ್ರಕಾರ ಖಾಲಿಯಾದ ಪಾಳಿ ಕಾಯುವವರ ಸಾಲಿನಲ್ಲಿ ಮುಂದಿರುವವರಿಗೆ ಹೋಗಬೇಕು, ಆಕೆ ತನ್ನ ಬೆಳಗಿನ ಪಾಳಿಗೆ ಮರಳಬೇಕು ಎಂದು ಕಾರ್ಯದರ್ಶಿಗಳು ಹೇಳತೊಡಗಿದರು. ಮಾವ ಹತ್ತಿ ಹಿಡಿದ ಕೈಯನ್ನೇ ಎತ್ತಿ ಅವರನ್ನು ತಡೆದರು.

"ಅದ್ನೂ ಬರ್ಕೊಳವ್ವ" ಎಂದರು ಅನುಪಮಾಗೆ. "ನಾನ್ ಓಗ್ಬುಟ್ರೆ ನನ್ ಪಾಳಿ ಅವ್ಳ್ಗೇ ಇರ್ಲಿ. ಬೆಳಿಗ್ಗೆದು ಖಾಲಿ ಆಯ್ತದಲ್ಲ, ಅದ ಬೇಕಾದೋರ್ಗೆ ಕೊಡಿ."

ಕಾರ್ಯದರ್ಶಿಗಳು, ಉಣ್ಣಕ್ಕೆ ಕೂತವರನ್ನು ಎಬ್ಬಿಸಬಾರದು ಎಂದು ನಮ್ಮಮ್ಮನೂ ಹೇಳ್ತಿದ್ದರು, ಹಾಗೇ ಆಗಲಿ ಎಂದು ಒಪ್ಪಿದರು. ಸಮಿತಿಯೂ ಒಪ್ಪಿತು. ಆ ಸಾಲನ್ನು ನಾನೇ ಟೂಲಿನಲ್ಲಿ ತುಂಬಿದೆ. ಬದಲಾಯಿಸಿಕೊಂಡ ಇಬ್ಬರಲ್ಲಿ ಒಬ್ಬರು ಮೃತರಾದರೆ ಉಳಿದವರು ಕೂತ ಪಾಳಿಯಲ್ಲೇ ಮುಂದುವರಿಯತಕ್ಕದ್ದು. ಕೇಳಿದವರು ಯಾರು ಎಂಬಲ್ಲಿ ನಂಜುಂಡಪ್ಪ ಎಂದು ಬರೆದೆ. ಕಾರಣದ ಜಾಗದಲ್ಲಿ ಏನು ಬರೆಯಬೇಕೋ ತಿಳಿಯದೆ ಕೊನೆಗೆ ಮುಯ್ಯಿ ಎಂದೇ ಬರೆದೆ. ಪರೀಕ್ಷಕರು ಬಂದರು, ಕಡತಗಳನ್ನೆಲ್ಲ ತಿರುವಿದರು, ಕಂಪನಿಗೆ ಮೂರನೇ ಮೆಟ್ಟಿಲು ಸಿಕ್ಕಿತು, ಕೇಕು ಕತ್ತರಿಸಿದರು. ಪ್ರೋಗ್ರಾಮಿನವರು ಆ ಸಾಲನ್ನು ಅಳವಡಿಸಿದರು. ಹಸಿರಾಗುವುದೊಂದು ಬಾಕಿ ಇತ್ತು. ಅದು ಬಾಕಿಯೇ ಇರಲಪ್ಪ ಎಂದು ನಾನು ನಂಜುಂಡೇಶ್ವರನಿಗೆ ಕೈಮುಗಿದಿದ್ದೆ.

ಈ ವರ್ಷ ಬೇಸಿಗೆ ರಜೆ ಮುಗಿದು ಶಾಲೆಗಳು ಬಾಗಿಲು ತೆರೆದ ಮೇಲೆ, ಒಂದು ಬೆಳಿಗ್ಗೆ, ಬಸ್ಸಿಗೆ ಹೊರಡಲು ಅಂಗಿ ತೊಟ್ಟು ಜಗಲಿಯ ಮೇಲೆ ಕೂತ ಮಾವ ಹಾಗೇ ಕಂಬಕ್ಕೆ ಒರಗಿಬಿಟ್ಟರು. ಅತ್ತೆ ಕಾಫಿ ಲೋಟ ಹಿಡಿದು ಬಂದು ಎರಡು ಸಲ ಕರೆದರಂತೆ. ಗದ್ದೆಯ ಮೂಲೆಯಲ್ಲಿ ಸಮಾಧಿ ಮಾಡಿದೆವು. ನನಗೆ ಅಪ್ಪ ಹೋದಾಗ ಬಾರದಷ್ಟು ಅಳು ಬಂತು.

ಆ ದಿನ ಮಧ್ಯಾಹ್ನ ತಾಯಮ್ಮ ಎಂದಿನಂತೆ ಮಕ್ಕಳಿಗೆ ಬಡಿಸಿ ಕೇಂದ್ರಕ್ಕೆ ಬಂದಿದ್ದಾಳೆ. ಸಿಸ್ಟರು ಮಾವನ ಸಾವನ್ನು ಬೆಳಿಗ್ಗೆಯೇ ದಾಖಲು ಮಾಡಿದ್ದರು. ಮಧ್ಯಾಹ್ನದ ಪಾಳಿಯಲ್ಲಿ ಆಕೆಯ ಹೆಸರು ಕದಲದೆ ಇತ್ತು. ವಿಷಯ ತಿಳಿದು ಆಕೆ ಆ ಕುರ್ಚಿಯ ಮೇಲೆ ಕೂರಲು ಒಪ್ಪದೆ ಬಹಳ ಹೊತ್ತು ನಿಂತೇ ಇದ್ದಳಂತೆ. ಮಾರನೇ ದಿನ ನನಗೆ ಫೋನ್ ಮಾಡಿದಳು. ಅಣ್ಣನ ಮುಯ್ಯಿ ನನ್ನ ಮೇಲೇ ಉಳಿದುಬಿಡ್ತಲ್ಲ ಸಾ, ಇನ್ನು ಯಾರಿಗೆ ತೀರಿಸಲಿ ಎಂದು ಕೇಳಿದಳು. ಆಫೀಸಿಗೆ ಹೋದಾಗ ಅನುಪಮಾ, ಆ ಸಾಲು ನಾನು ಮುಗಿಸುತ್ತೇನೆ ಬಿಡಿ ಎಂದರು. ಬೇಡ ಎಂದು ನಾನೇ ಒತ್ತಿದೆ. ಹಸಿರಾಯಿತು.

ಶ್ರಾವಣದಲ್ಲಿ ನಾಲೆಗೆ ನೀರು ಬಿಟ್ಟರು. ಈ ಸಲ ಗದ್ದೆಯನ್ನು ಪಾಲಿಗೆ ಕೊಟ್ಟುಬಿಡಿ ಎಂದು ನೆಂಟರು ಹೇಳಿದರೂ ಅತ್ತೆ ಕೇಳಲಿಲ್ಲ, ಕೂಲಿಯವರಿಗೆ ಹೇಳಿ ನಾಟಿ ಇಟ್ಟುಕೊಂಡರು. ನಾನೂ ಹೋಗಿದ್ದೆ. ಹೊತ್ತು ಏರುವಷ್ಟರಲ್ಲಿ ನರಸೀಪುರದ ಕಡೆಯ ಬಸ್ಸಿಳಿದು ಒಬ್ಬ ಗಂಡಸು, ಒಬ್ಬಳು ಹೆಂಗಸು ಬಂದು ಗದ್ದೆಗಿಳಿದರು. ತಾಯಮ್ಮನ ಮಗ ಸಿದ್ದರಾಜು, ಸೊಸೆ ಸುಧಾ ಎಂದು ನಮಗೆ ತಿಳಿದದ್ದು ಆಮೇಲೆ. ಅತ್ತೆ ಅವರನ್ನೂ ಕೂಲಿಯವರೆಂದೇ ತಿಳಿದು, ಮಧ್ಯಾಹ್ನ ಬದುವಿನ ಮೇಲೆ ಎಲೆ ಹಾಕಿಸಿದರು. ಆಗ ಸಿದ್ದರಾಜು ಕೈ ತೊಳೆದು ದೂರವೇ ನಿಂತು, ತಾನು ಯಾರ ಮಗ ಎಂದು ಹೇಳಿದ.

"ಕೂಲಿಗಲ್ಲ ಕಣವ್ವ ನಾವ್ ಬಂದಿರೋದು. ಅವ್ವ ಮುಯ್ಯಿಗೆ ಕಳಿಸವ್ಳೆ."

ಅತ್ತೆ ಸೌಟು ಹಿಡಿದು ನಿಂತೇ ಇದ್ದರು. ಪಕ್ಕದ ಗದ್ದೆಯವರೂ ಬಗ್ಗಿದ ಬೆನ್ನು ನೆಟ್ಟಗೆ ಮಾಡಿ ನೋಡಿದರು. ಮುಯ್ಯಿ ಎಂದ ಮೇಲೆ ಬದುವಿನ ಮೇಲೆ ಬಡಿಸುವ ಹಾಗಿಲ್ಲ. ಅತ್ತೆ ಪಾತ್ರೆ ಎತ್ತಿಕೊಂಡು ಮನೆಯ ಕಡೆ ನಡೆದರು, ಬನ್ನಿ ಎಂದು ತಲೆಯಲ್ಲೇ ಸನ್ನೆ ಮಾಡಿದರು. ಕೂಲಿಯವರಿಗೂ ಬನ್ನಿ ಎಂದರು. ಅಂದು ನಡುಮನೆಯಲ್ಲಿ ಎಲ್ಲರಿಗೂ ಒಂದೇ ಸಾಲಿನಲ್ಲಿ ಎಲೆ ಬಿತ್ತು. ಹೊರಡುವಾಗ ಅತ್ತೆ ಸುಧಾಳನ್ನು ತಡೆದು, ನಿಮ್ಮ ನಾಟಿ ಯಾವತ್ತು ಎಂದು ವಿಚಾರಿಸಿಕೊಂಡರು.

ಅದನ್ನು ನಾನು ಬಾಯಿಮಾತು ಎಂದುಕೊಂಡಿದ್ದೆ. ಆ ದಿನ ಬಂದಾಗ ಅತ್ತೆ ಬೆಳಗಿನ ಬಸ್ಸಿಗೇ ನಂಜನಗೂಡಿಗೆ ಬಂದು ನಮ್ಮ ಬಾಗಿಲಲ್ಲಿ ನಿಂತು, ದೇವನೂರಿಗೆ ನಡಿ ಎಂದರು. ತಾಯಮ್ಮನ ಮನೆಯವರದು ಸ್ವಲ್ಪವೇ ನೀರಾವರಿ ಜಮೀನು. ಅತ್ತೆ ಸೀರೆ ಎತ್ತಿ ಕಟ್ಟಿ ಅವರ ಜೊತೆ ಕೆಸರಿಗಿಳಿದರು. ಮಂಡಿನೋವಿನವರು, ಆದರೂ ಕೊನೆಯ ಪಟ್ಟಿ ಮುಗಿಯುವ ತನಕ ಏಳಲಿಲ್ಲ.

ಊಟದ ಹೊತ್ತಾಯಿತು. ಅತ್ತೆ ಹುಟ್ಟಿದಂದಿನಿಂದ ಅಂಥ ಕೇರಿಯಲ್ಲಿ ಒಂದು ಲೋಟ ನೀರು ಕುಡಿದವರಲ್ಲ. ತಾಯಮ್ಮನಿಗೂ ಅದು ಗೊತ್ತಿತ್ತು. ಬಾಳೆಹಣ್ಣು ತರಿಸಿಟ್ಟಿವ್ನಿ ಕಣಕ್ಕ ಎಂದು ಆಕೆ ಬಾಗಿಲಲ್ಲೇ ಅಳುಕುತ್ತ ಹೇಳಿದಳು. ಅತ್ತೆ ಕಾಲು ತೊಳೆದು ಒಳಗೆ ಬಂದು, ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಚಾಪೆಯ ಮೇಲೆ ಕೂತರು. ಹಣ್ಣಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎಲೆಯನ್ನು ಮುಂದಕ್ಕೆ ಎಳೆದುಕೊಂಡರು. ತಾಯಮ್ಮ ಮುದ್ದೆ ಇಟ್ಟು ಸೊಪ್ಪಿನ ಸಾರು ಬಿಟ್ಟಳು. ಅತ್ತೆ ಮುರಿದು, ಅದ್ದಿ, ನುಂಗಿದರು.

"ಸಾರು ಚೆನ್ನಾಗದೆ ಕಣ್ ತಾಯಮ್ಮ" ಎಂದರು ಅತ್ತೆ. "ಇನ್ನೊಂದ್ ಸೌಟು ಬುಡು."